ನರಿತುಪ್ಪಳದ ಟೋಪಿ

ನರೀನ್ ಕಣಿವೆಯಲ್ಲಿ ಏಪ್ರಿಲ್ ಎಂದರೆ ವಸಂತ;
ಅದು ಕ್ಯಾಲೆಂಡರಿನ ಮಾತು.
ಅಂಗಳದ ಗೂಡಿನ ತಗಡಿನ ಮೇಲೆ
ಗೇಣುದ್ದ ಹಿಮ.

ಐದು ದಿನದ ಹನ್ನೊಂದು ಮರಿ. ಒಂದೇ ಕೆಂಪು ಬಲ್ಬು.
ಕರೆಂಟು ಹೋದದ್ದು ಎಂಟೂವರೆಗೆ.
ಮೊದಲು ಕತ್ತಲು, ಆಮೇಲೆ ಆ ಸದ್ದು:
ತಗಡಿಗೆ ಮೊಳೆ ಗೀಚಿದ ಹಾಗೆ
ತೆಳ್ಳಗೆ, ಎಡೆಬಿಡದೆ.

ಬುರುಲ್ಚಾ ಎದ್ದಳು.
ಬೆರಣಿಯ ಒಲೆ ಕೆದಕಿ ನೀರಿಟ್ಟಳು.
ಸೂರ್ಯಕಾಂತಿ ಎಣ್ಣೆಯ ಖಾಲಿ ಬಾಟಲಿಗೆ ತುಂಬಿ
ಮಗನ ಹಳೇ ಕಾಲುಚೀಲ ತೊಡಿಸಿ
ಕೆನ್ನೆಗೆ ಒತ್ತಿ ನೋಡಿದಳು,
ಕೂಸಿನ ಹಾಲು ನೋಡುವ ಹಾಗೆ.

ಸಾಲದು.
ಗೂಟದಲ್ಲಿತ್ತು ಗಂಡನ ಟೋಪಿ,
ಮದುವೆಗೆ, ಮಸಣಕ್ಕೆ ಮಾತ್ರ ಇಳಿಯುವಂಥದ್ದು.
ಒಂದು ಗಳಿಗೆ ಅದನ್ನೇ ನೋಡಿದಳು.
ನರಿಯ ಹೊಟ್ಟೆಯೊಳಗೆ ಕೋಳಿಮರಿ!
ಆ ಚಳಿಯಲ್ಲೂ ನಗು ಬಂತು.

ಎರಡು ಗಂಟೆಗೊಮ್ಮೆ ನೀರು ಬದಲು.
ಹಿಮದಲ್ಲಿ ಹೋದ ಹೆಜ್ಜೆ, ಬಂದ ಹೆಜ್ಜೆ,
ಬೆಳಗಿನ ಹೊತ್ತಿಗೆ ಅದೊಂದು ದಾರಿಯೇ.

ಹತ್ತು ಉಳಿದವು.
ಇನ್ನೊಂದು ಮೂಲೆಯಲ್ಲಿ, ಟೋಪಿಯಿಂದ ದೂರ,
ಹತ್ತಿಯ ಉಂಡೆಯಷ್ಟು ಹಗುರ.
ಏಕೆ ಅಷ್ಟು ದೂರ ಹೋಯಿತೋ.

ಆ ದಿನ ಮೇಲಿನೂರಿನಲ್ಲಿ ಮದುವೆ.
ತೊಲೊಗೊನ್ ಗೂಟ ತಡವಿ ಟೋಪಿ ಕೇಳಿದ.
ಅವಳು ಮಾತಾಡದೆ
ಬಾಗಿಲತ್ತ ಗಲ್ಲ ಎತ್ತಿದಳು.
ಗೂಡಿಗೆ ಬಾಗಿದವನು
ಬಹಳ ಹೊತ್ತು ಬಾಗಿಯೇ ಇದ್ದ.

ಆಮೇಲೆ ಅವಳ ಹೂವಿನ ಶಾಲು ತಲೆಗೆ ಸುತ್ತಿ
ಕುದುರೆ ಏರಿದ.
ನಗುವವರು ನಗಲಿ ಎಂದನೋ
ಸುಮ್ಮನೆ ಕೆಮ್ಮಿದನೋ,
ಗಾಳಿಗೆ ಸರಿಯಾಗಿ ಕೇಳಿಸಲಿಲ್ಲ.

ಕರೆಂಟು ಇನ್ನೂ ಬಂದಿರಲಿಲ್ಲ.
ಅವಳು ಒಲೆಗೆ ಮತ್ತೆರಡು ಬೆರಣಿ ಮುರಿದಳು.