ಒಂದು, ಐದು, ಮೂರು

ಈ ಲಾರಿ ಯುದ್ಧ ನೋಡಿಲ್ಲ.
ಬೇಲಿಗೆ ಮೊಣಕೈ ಊರಿ, ಕಣ್ಣರಳಿಸಿ
'ಎಲ್ಲೆಲ್ಲಿ ಹೋಗಿತ್ತು?' ಅನ್ನುವವರಿಗೆಲ್ಲ
ಮೊದಲೇ ಹೇಳಿಬಿಡುತ್ತೇನೆ.
ಕೆನಡಾದಿಂದ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದು
ಮೆಲ್ಬರ್ನಿನಲ್ಲಿ ಮೈ ಕೂಡಿಸಿಕೊಂಡು
ಮೂರು ವರ್ಷ ಡಿಪೋದಿಂದ ಅಡುಗೆಮನೆಗೆ
ಆಲೂಗಡ್ಡೆ ಹೊತ್ತಿತು. ಅಷ್ಟೇ.

ಮುಂಗಾಜು ನೋಡಿ, ನೆಲದ ಕಡೆ ಬಾಗಿದೆ.
ಮೇಲಿನ ವಿಮಾನಕ್ಕೆ ಹೊಳಪು ಕಾಣಬಾರದೆಂದು
ಯಾರೋ ಹಾಗೆ ಬಗ್ಗಿಸಿದ್ದು.
ಆಲೂಗಡ್ಡೆ ಹೊರುವಾಗಲೂ ಅದೇ ತಗ್ಗಿದ ಹಣೆ.

ಅಪ್ಪ ಇದನ್ನು ಹರಾಜಿನಲ್ಲಿ ಹಿಡಿದದ್ದು ನಲವತ್ತೇಳರಲ್ಲಿ.
ರೈನ್‌ಹೋಲ್ಡ್ ನೋಸ್ಕೆ: ಹೆಸರು ಕೇಳಿಯೇ
ಪೊಲೀಸರು ಅವನ ಬಂದೂಕು, ರೇಡಿಯೋ ಒಯ್ದಿದ್ದರು
ಯುದ್ಧದ ಮೊದಲ ವರ್ಷವೇ.
ರೇಡಿಯೋ ಮರಳಿ ಬರಲಿಲ್ಲ.
'ಬಡ್ಡಿ ಸೇರಿಸಿ ಲಾರಿಯನ್ನೇ ತಂದೆ' ಎಂದು
ಚರ್ಚಿನ ಅಂಗಳದಲ್ಲಿ ನಗುತ್ತಿದ್ದನಂತೆ,
ಇಂಗ್ಲಿಷಿನಲ್ಲಿ. ಜರ್ಮನ್ ಮನೆಯೊಳಗೆ ಮಾತ್ರ.

ವಿಮ್ಮೆರಾದ ಗೋದಿ ಹೊತ್ತಿತು, ಕುರಿ ಹೊತ್ತಿತು,
ಕೊನೆಗೆ ಬೆನ್ನಿಗೆ ನೀರಿನ ತೊಟ್ಟಿ ಕಟ್ಟಿಸಿಕೊಂಡು
ಬೆಂಕಿ ಆರಿಸುವ ಬಂಡಿಯಾಯಿತು.
ನನಗೆ ಹತ್ತೊಂಬತ್ತು. ಜನವರಿ. ಉತ್ತರದ ಗಾಳಿ.
ಕೊಯ್ದ ಹೊಲದ ಕೂಳೆಯ ಮೇಲೆ ಬೆಂಕಿ
ಹಗ್ಗ ಹರಿದ ಕುದುರೆಯಾಗಿ ಬಂತು.
ಅಪ್ಪ ಹಿಂದೆ ಪಂಪಿನ ಹತ್ತಿರ, ಸ್ಟಿಯರಿಂಗು ನನ್ನ ಕೈಯಲ್ಲಿ,
ಗೇರಿನ ಕೋಲು ಮೊಣಕೈಯ ಹಿಂದೆಲ್ಲೋ,
ಇಂಜಿನ್ನು ತೊಡೆಯ ಪಕ್ಕದ ಒಲೆ.
ಹೊಗೆಯೊಳಗೆ ಬೇಲಿಯ ಕಂಬ ಎಣಿಸುತ್ತ ಓಡಿಸಿದೆ.
ಆಮೇಲೆ ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿದೆ;
ಹೆದರಿಕೆಯ ನನ್ನ ಪಾಲು ಅವತ್ತೇ ಮುಗಿದಿತ್ತು.

ಶನಿವಾರ ಲಾ ಸೇ ಬರುತ್ತಾನೆ,
ಬಾತುಕೋಳಿ ಕಾರ್ಖಾನೆಯ ಪಾಳಿ ಮುಗಿಸಿ,
ಕೂದಲಲ್ಲಿ ಒಂದೆರಡು ಬಿಳಿ ಪುಕ್ಕ.
ಕರೆನ್ ಹುಡುಗ. ಹುಟ್ಟಿದ್ದು ಬರ್ಮಾದ ಕಾಡಲ್ಲಿ,
ಬೆಳೆದದ್ದು ಗಡಿಯಾಚೆಯ ಶಿಬಿರದ ಬಿದಿರುಗೋಡೆಯೊಳಗೆ;
ಅಕ್ಷರಕ್ಕಿಂತ ಮೊದಲು ಮೋಟಾರು ಬಿಚ್ಚಲು ಕಲಿತವನು.
ಬಿಗಿದುಹೋದ ಪಿಸ್ಟನ್ನಿಗೆ ಸೀಮೆಎಣ್ಣೆ ಹೊಯ್ದು
ಹನ್ನೊಂದು ವಾರ ಕಾದೆವು.
ಸುತ್ತಿಗೆ ಎತ್ತಲು ಬಿಡಲಿಲ್ಲ.
'ಅಜ್ಜಿ, ಅದಕ್ಕೇ ಮನಸ್ಸು ಬರಲಿ.'

ಕಿಡಿ ಹಾರುವ ಸರದಿ ನಾನು ಕಲಿಸಿದೆ:
ಒಂದು, ಐದು, ಮೂರು, ಆರು, ಎರಡು, ನಾಲ್ಕು.
ಮಗ್ಗಿ ತಪ್ಪಿಸುವ ಮಗುವಿನ ಹಾಗೆ
ಅವನು ಅದನ್ನು ತನ್ನ ಭಾಷೆಯಲ್ಲಿ ಗುನುಗಿದ.
ಇನ್ನೊಂದು: ಹ್ಯಾಂಡಲ್ ತಿರುಗಿಸುವಾಗ
ಹೆಬ್ಬೆರಳು ಸುತ್ತಬೇಡ, ಅದು ಒದೆಯುತ್ತದೆ.
ಅಪ್ಪನ ಹೆಬ್ಬೆರಳು ಕೊನೆಯವರೆಗೂ
ಬೇರೆ ಊರಿನ ದಾರಿ ತೋರಿಸುತ್ತಿತ್ತು.

ಬಣ್ಣ ಕೆರೆದೆವು. ಕೆಂಪು; ಅದರಡಿ ಇನ್ನೊಂದು ಕೆಂಪು;
ಅದರಡಿ ಟ್ರಾಕ್ಟರಿಗೆ ಬಳಿದು ಉಳಿದ ನೀಲಿ;
ಎಲ್ಲದರಡಿ, ಒದ್ದೆ ಎಲೆಯಂಥ ಹಸಿರು.
ಸಂಘದ ಕ್ಲೆಮ್ ಮೈಬಸ್ ಡಬ್ಬಿ ತಂದಿಟ್ಟಿದ್ದ,
ನಲವತ್ಮೂರರ ಸರಿಯಾದ ಹಸಿರು, ಕಾಗದದ ಸಾಕ್ಷಿ ಸಮೇತ.
ಲಾ ಸೇ ಮುಚ್ಚಳ ತೆಗೆದ. ಬ್ರಶ್ಶು ಅದ್ದಲಿಲ್ಲ.
'ಈ ಬಣ್ಣದ ಲಾರಿ ಕಂಡರೆ ಅಮ್ಮ
ಒಲೆಯ ಮೇಲಿನ ಅನ್ನ ಬಿಟ್ಟು ನಮ್ಮನ್ನೆತ್ತಿಕೊಂಡು ಓಡುತ್ತಿದ್ದಳು'
ಎಂದ, ನಾಳೆ ಮೋಡವಂತೆ ಅನ್ನುವ ದನಿಯಲ್ಲಿ.
'ಪರವಾಗಿಲ್ಲ ಅಜ್ಜಿ. ನಿಮ್ಮದು ಆಲೂಗಡ್ಡೆಯ ಲಾರಿ.'

ಮುಚ್ಚಳ ಹಾಕಿ ಬಡಿದೆ. ಒಂದು ಸಾಲದೆಂದು ಎರಡೇಟು.
ಚಹಾ ಕುಡಿದೆವು.

ಈಗ ಅದು ಶೆಡ್ಡಿನಲ್ಲಿ, ಪ್ರೈಮರಿನ ಬೂದಿಯಲ್ಲಿ,
ಕ್ಷೌರಕ್ಕೆ ಕೂತು ಅರ್ಧಕ್ಕೆ ಎದ್ದವನ ಹಾಗೆ ನಿಂತಿದೆ.
ಏಪ್ರಿಲಿನ ಮೆರವಣಿಗೆಗೆ ಬೇಕೆಂದು ಕ್ಲೆಮ್ ಫೋನು ಮಾಡುತ್ತಾನೆ.
ಯಾವ ವರ್ಷಕ್ಕೆ ತಿರುಗಿಸಲಿ ಇದನ್ನು?
ನಲವತ್ಮೂರಕ್ಕೆ? ಬೆಂಕಿಯ ಜನವರಿಗೆ?
ಅಪ್ಪ ನಕ್ಕ ಭಾನುವಾರಕ್ಕೆ?

ನಿನ್ನೆ ಅವನ ತಾಯಿ ಬಂದಿದ್ದಳು, ಸೋರೆಕಾಯಿ ತಂದು.
ಶೆಡ್ಡಿನ ಬಾಗಿಲಲ್ಲೇ ನಿಂತಳು.
ಲಾ ಸೇ ಹ್ಯಾಂಡಲ್ ತಿರುಗಿಸಿದ, ಹೆಬ್ಬೆರಳು ಹೊರಗೆ.
ಕೆಮ್ಮಿತು, ಸತ್ತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು.
ಅವಳು ಓಡಲಿಲ್ಲ. ಹತ್ತಿರವೂ ಬರಲಿಲ್ಲ.
ಸೋರೆಕಾಯಿ ಎದೆಗೊತ್ತಿಕೊಂಡು
ಕೇಳುತ್ತ ನಿಂತಳು, ತುಂಬ ಹೊತ್ತು.
ಐದನೆಯ ಸಿಲಿಂಡರು ಒಂದು ಉಸಿರಿನಷ್ಟು ತಡ.
ಬರುವ ಶನಿವಾರ ಅದನ್ನು ನೋಡಬೇಕು.