ಒಂದೇ ನಂಬರು

ಬೈತಖೋಲ ಬಂದರಿನ ಇಳಿಜಾರಿನಲ್ಲಿ ನನ್ನ ಅಂಗಡಿ.
ಬೋರ್ಡಿನ ಮೇಲೆ ಅಪ್ಪ ಬರೆಸಿದ ಹೆಸರು,
'ಕಲ್ಗುಟಕರ ಮರೈನ್ ಸ್ಪೇರ್ಸ್'.
ಉಪ್ಪುಗಾಳಿಗೆ ಮೊದಲ 'ಕ' ಉದುರಿ ಎಷ್ಟೋ ವರ್ಷ.

ಸುಕ್ರೊ ತಾಂಡೇಲ ಬಂದು ಮೇಜಿನ ಮೇಲೆ ಇಟ್ಟ
ಒಂದು ಇಂಪೆಲ್ಲರ್. ಆರು ರೆಕ್ಕೆಯ ಕಪ್ಪು ರಬ್ಬರು,
ಎರಡು ಕರಗಿ ಒಂದಕ್ಕೊಂದು ಅಂಟಿವೆ.
"ದೇವಗಡದ ದೀಪದಾಚೆ ಇಂಜಿನ್ ಕಾದು ಬಂದಾಯ್ತು.
ರಾತ್ರಿಯಿಡೀ ಹುಟ್ಟು ಹಾಕಿದೆವು, ನಾನೂ ಭಾವನೂ.
ಒಯ್ದು ಮೂರು ವಾರ ಆಗಿಲ್ಲ."
ಬೊಬ್ಬೆ ಹಾಕಲಿಲ್ಲ ಅವನು. ಅಂಗೈ ಬಿಚ್ಚಿದ,
ಬೊಬ್ಬೆ ಅಲ್ಲಿತ್ತು.

ಕಪಾಟಿನಿಂದ ಉಳಿದ ಡಬ್ಬಿ ಇಳಿಸಿದೆ.
ಅದೇ ನೀಲಿ, ಅದೇ ಲಾಂಛನ,
ಓರೆ ಹಿಡಿದರೆ ಕಾಮನಬಿಲ್ಲು ಉಗುಳುವ ಹೊಲೊಗ್ರಾಂ.
ಮೊಬೈಲು ಹಿಡಿದೆ. 'ಅಸಲಿ' ಎಂದಿತು ಪರದೆ, ಹಸಿರು ಟಿಕ್ಕು.
ಇನ್ನೊಂದಕ್ಕೆ ಹಿಡಿದೆ. ಅಸಲಿ.
ಏಳನೆಯದಕ್ಕೆ ಹಿಡಿಯುವಾಗ ಕಣ್ಣಿಗೆ ಬಿತ್ತು
ಕೊನೆಯ ನಾಲ್ಕಂಕಿ: ಎಲ್ಲದರಲ್ಲೂ ೪೪೧೭.
ಏಳು ಮಕ್ಕಳಿಗೂ ಒಂದೇ ಹೆಸರಿಟ್ಟ ತಾಯಿ
ಎಲ್ಲಿದ್ದಾಳೆ?

ಹುಬ್ಬಳ್ಳಿಯ ಹೋಲ್‌ಸೇಲಿನವ ಫೋನಿನಲ್ಲಿ ನಕ್ಕ:
"ನಾನೂ ಮುಂಬೈಯಿಂದ ತರಿಸಿದ್ದು ಮಾರಾಯ, ಅವರು ಎಲ್ಲಿಂದಲೋ."
ಆ 'ಎಲ್ಲಿಂದಲೋ' ಎಂಬ ಊರಿನಿಂದ
ಎಷ್ಟು ಗೋದಾಮು, ಎಷ್ಟು ಲಾರಿ, ಎಷ್ಟು ರಸೀದಿ ದಾಟಿ
ಅರಬೈಲ್ ಘಟ್ಟ ಇಳಿಯಿತು ಈ ಸುಳ್ಳು,
ಪ್ರತಿ ಕೈಯಲ್ಲೂ ಒಂದಿಷ್ಟು ಬಿಟ್ಟು.
ನನ್ನ ಕೈಯಲ್ಲಿ
ಡಬ್ಬಿಗೆ ಅರವತ್ತು ರೂಪಾಯಿ.

ಕಂಪನಿಯವರು ಬಂದರು, ಜೊತೆಗೊಬ್ಬ ಪೊಲೀಸು.
ಎಣಿಸಿ, ಪಂಚನಾಮೆ ಬರೆದು, ಅರಗು ಒತ್ತಿ ಒಯ್ದರು.
"ನಮ್ಮ ಹೆಸರು ಹಾಳಾಗ್ತಾ ಇದೆ, ಗೊತ್ತಾ?" ಎಂದರು.
ಗೊತ್ತು. ಆದರೆ ಆ ಹೆಸರು
ಸುಕ್ರೊನ ನಾಲಿಗೆಗೆ ಹೊರಳುವುದೇ ಇಲ್ಲ.
ಅವನು ದಕ್ಕೆಯಲ್ಲಿ ಹೇಳಿಕೊಂಡು ತಿರುಗುವುದು
'ಕಲ್ಗುಟಕರನಲ್ಲಿ ಒಯ್ದದ್ದು' ಎಂದು, ಅಷ್ಟೇ.

ಸಂಜೆ ಮೀನುಪೇಟೆಯಲ್ಲಿ ಶೆವಂತಿ ಹರಿಕಂತ್ರ
ನಾನು ಕೇಳುವ ಮೊದಲೇ ಬಂಗುಡೆಯ ಕಿವಿರು ಎತ್ತಿದಳು.
"ಕಾಣು, ಕೆಂಪು. ಇದಕ್ಕೆ ಚೀಟಿ ಅಂಟಿಸಬೇಕಾ?"
ಪಕ್ಕದವಳು ನಕ್ಕಳು. ಸುದ್ದಿ ಇಲ್ಲಿಯೂ ಮುಟ್ಟಿದೆ.
ನಾನು ನಾಲ್ಕು ಹೆಚ್ಚೇ ಕೊಂಡೆ, ಚೌಕಾಶಿ ಮಾಡದೆ.

ರಾತ್ರಿ ಬಾಗಿಲೆಳೆದು,
ಸುಕ್ರೊ ಬಿಟ್ಟುಹೋದ ಆ ಕರಗಿದ ತುಂಡನ್ನು ಮೂಸಿದೆ.
ಹವಾಯಿ ಚಪ್ಪಲಿಯ ವಾಸನೆ.
ಮಾಲು ಬಂದ ದಿನವೂ ಇದೇ ವಾಸನೆ ಇದ್ದಿರಬೇಕು,
ಡಬ್ಬಿ ತೆರೆದಾಗ ಅಂಗಡಿ ತುಂಬ.

ತೆರೆದಿದ್ದೆ ನಾನು. ಒಂದನ್ನು.
ಅರವತ್ತು ರೂಪಾಯಿಯ ನೆಗಡಿ ಇತ್ತು ಆ ದಿನ ನನಗೆ.