ಇತರೆ

ಚಿಂತಾಮಣಿಯ ಔಷಧಿ ಅಂಗಡಿಯಲ್ಲಿ ಏಳು ತಿಂಗಳು;
ಡಾಕ್ಟರರ ಅಕ್ಷರ ನನಗೆ ಕೊನೆಗೂ ಒಲಿಯಲಿಲ್ಲ.
ಆಮೇಲೆ ವಿಮೆ. ಮೊದಲ ಪಾಲಿಸಿ ಚಿಕ್ಕತ್ತೆಯದು,
ಕೊನೆಯದೂ ಅವಳದೇ.
ಇವನ ಕೈಗೆ ಯಾವ ಕೆಲಸವೂ ಅಂಟದು ಅಂದರು.
ಹುಣಸೆಹಣ್ಣು ಬಿಡಿಸುವಾಗ ಅದೊಂದು ಅಂಟುತ್ತಿತ್ತು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ
ಖುದ್ದೂಸ್ ಸಾಬರ ಬುತ್ತಿ ಕೊಡಲು ಹೋದವನು, ಅಷ್ಟೇ.
ಹಳದಿ ಗೂಡೊಂದನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿ
ಕೇಳು, ಅಂದರು.
ಒಳಗೆ ಟಕ್.
ಇನ್ನೊಂದು: ಟಕ್, ಸ್ವಲ್ಪ ಒದ್ದೆಯಾಗಿ.
ಮೂರನೆಯದು ಮಾತೇ ಆಡಲಿಲ್ಲ.
ಹುಳ ಒಳಗೇ ಕರಗಿದೆ, ಅಂದೆ.
ಸಾಬರು ಬ್ಲೇಡಿನಲ್ಲಿ ಸೀಳಿದರು. ಕಪ್ಪು ರಸ.
ಏನೂ ಹೇಳದೆ ಬುತ್ತಿಯ ಮುಚ್ಚಳ ತೆಗೆದು
ಅರ್ಧ ರೊಟ್ಟಿ ನನ್ನತ್ತ ತಳ್ಳಿದರು.

ಹನ್ನೊಂದು ವರ್ಷವಾಯಿತು. ಹರಾಜಿಗೆ ಮುಂಚೆ
ರಾಶಿ ರಾಶಿಗೂ ಬಗ್ಗಿ ಕಿವಿ ಕೊಡುತ್ತೇನೆ.
ಮನೆಯಲ್ಲಿ ಕೂಗಿದರೆ ಮಾತ್ರ ಕೇಳಿಸದೆಂದು
ಹೆಂಡತಿಯ ದೂರು.

ಗಣತಿಗೆ ಬಂದ ಮೇಷ್ಟ್ರು ಕೇಳಿದರು: ಉದ್ಯೋಗ?
ಕೇಳುವುದು, ಅಂದೆ.
ಏನನ್ನು?
ಜೇಬಿನಲ್ಲಿದ್ದ ಗೂಡು ಕೊಟ್ಟೆ. ಕಿವಿಗಿಟ್ಟು ಅಲ್ಲಾಡಿಸಿದರು,
ಮತ್ತೊಮ್ಮೆ ಅಲ್ಲಾಡಿಸಿದರು,
‘ಇತರೆ’ ಎಂದು ಬರೆದುಕೊಂಡು ಹೊರಟರು.
ಗೂಡು ಮಾತ್ರ ವಾಪಸು ಕೊಡಲಿಲ್ಲ.